ಕುಕ್ಕರ್‌ನಲ್ಲಿ ಬೆಂದ ಫಿಲ್ಟರ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವ ನನ್ನ ಕಾಲಿಗೆ. ಇಷ್ಟು ವರ್ಷ ಅದನ್ನು ಒತ್ತಿ ಒತ್ತಿ ನನ್ನ ಬಲಗಾಲಿನ ಬುದ್ಧಿ ಕೆಟ್ಟುಹೋಗಿದೆ. ಮನೆಯಲ್ಲಿ ಊಟಕ್ಕೆ ಕೂತಾಗ ಮಗಳೂ ನನ್ನ ಹೆಂಡತಿಯೂ ಮಾತಿಗೆ ಬಾಯಿ ತೆರೆದರೆ ಸಾಕು, ಮೇಜಿನ ಕೆಳಗೆ ಅದು ತಾನಾಗಿ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ ಅನ್ನುವುದು ಕಾಲಿಗೆ ಗೊತ್ತಿಲ್ಲ.

ಅವರಿಬ್ಬರೂ ಜಗಳವಾಡುತ್ತಾರೆ ಅಂತಲ್ಲ. ಜಗಳವಾಡಿದ್ದರೆ ನನಗೆ ಅರ್ಥವಾದರೂ ಆಗುತ್ತಿತ್ತು. ಮಗಳ ತಾಯಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನಾನು ಇನ್ನೊಂದು ಮದುವೆಯಾದೆ. ಮಗಳು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಹೊಸದಾಗಿ ಬಂದವಳನ್ನು ಮನೆ ಬಾಡಿಗೆಗೆ ಬಂದವರಂತೆ ಮರ್ಯಾದೆಯಿಂದ ಮಾತಾಡಿಸುತ್ತಾಳೆ. ನನ್ನ ಹೆಂಡತಿಯೂ ಬಾಡಿಗೆದಾರಳಂತೆಯೇ ಗೋಡೆಗೆ ಮೊಳೆ ಹೊಡೆಯಲೂ ಕೇಳಿಕೊಂಡು ಹೊಡೆಯುತ್ತಾಳೆ. ಇಬ್ಬರ ಮಧ್ಯೆ ನಾನು, ಯಾವ ಕಡೆ ಇಂಡಿಕೇಟರ್ ಹಾಕಬೇಕು ಅಂತ ಗೊತ್ತಾಗದೆ.

ಅಂಥ ಮಗಳು ಓಟದ ತರಬೇತಿಗೆ ಅಂತ ಬೇಸಿಗೆ ಶಿಬಿರಕ್ಕೆ ಹೊರಟಾಗ ತನ್ನ ನ್ಯೂಟ್‌ಗಳನ್ನು ನನ್ನ ಕೈಗೆ ಒಪ್ಪಿಸದೆ ನನ್ನ ಹೆಂಡತಿಯ ಕೈಗೆ ಒಪ್ಪಿಸಿದಳು. "ಅಪ್ಪ ಮರೀತಾನೆ. ನೀವು ನೋಡ್ಕೊಳ್ಳಿ" ಅಂದಳು. ನನಗೆ ಅವಮಾನವಾಗಬೇಕಿತ್ತು. ಹೆಂಡತಿಯ ಮುಖ ನೋಡಿ ಅವಮಾನವೆಲ್ಲ ಮರೆತೇಹೋಯಿತು. ಈ ಮನೆಗೆ ಬಂದಮೇಲೆ ಅವಳಿಗೆ ಯಾರೋ ಏನನ್ನೋ ಕೊಟ್ಟಿದ್ದು ಅದೇ ಮೊದಲು.

ನ್ಯೂಟ್ ಅಂದರೆ ಸಾಲಮ್ಯಾಂಡರ್ ಕುಲದ ಪುಟ್ಟ ಪ್ರಾಣಿ. ನೋಡಲು ಹಲ್ಲಿ, ಸಂಬಂಧದಲ್ಲಿ ಕಪ್ಪೆಗೆ ದಾಯಾದಿ, ಇರುವುದು ನೀರಿನಲ್ಲಿ. ಬೆನ್ನು ಕಪ್ಪು, ಹೊಟ್ಟೆ ಕೆಂಡದ ಬಣ್ಣ. ಸಾಕಲು ಶುರುಮಾಡಿದ್ದು ಮಗಳ ತಾಯಿ. ಅವಳು ಹೋದಮೇಲೆ ಹಿಂದಿನ ಕೋಣೆಯ ಗಾಜಿನ ಟ್ಯಾಂಕುಗಳಿಗೆ ಮಗಳೇ ವಾರಸುದಾರಳಾದಳು. ತಾಯಿಯ ಕಾಲದ ಒಂದು ಮುದಿ ಹೆಣ್ಣು ಎಷ್ಟೋ ಕಾಲ ಸುಮ್ಮನಿದ್ದು ಈ ಸಲ ಮೊಟ್ಟೆಯಿಟ್ಟಿತ್ತು, ನೀರುಗಿಡದ ಎಲೆಗಳಲ್ಲಿ ಒಂದೊಂದನ್ನೇ ಮಡಿಸಿ. ಬಿಟ್ಟರೆ ಹೆತ್ತವೇ ತಿಂದುಹಾಕುತ್ತವಂತೆ. ಮಗಳು ಎಲೆ ಸಮೇತ ಎತ್ತಿ ಚಿಕ್ಕ ಟ್ಯಾಂಕಿಗೆ ಹಾಕಿದಳು. ಮರಿಗಳಾದವು. ಕತ್ತಿನ ಎರಡೂ ಪಕ್ಕ ಗರಿಯಂಥ ಕಿವಿರು ಬಿಟ್ಟುಕೊಂಡು ಎಳೆ ದಾರದ ತುಂಡುಗಳ ಹಾಗೆ ಅಲ್ಲಲ್ಲಿ ನಿಂತಿರುತ್ತಿದ್ದವು. ಮುದುಕಿ ಇನ್ನೊಮ್ಮೆ ಮೊಟ್ಟೆ ಇಡುವ ಭರವಸೆ ಯಾರಿಗೂ ಇರಲಿಲ್ಲ.

ಎರಡೂ ಟ್ಯಾಂಕಿನ ಮೂಲೆಯಲ್ಲಿ ಒಂದೊಂದು ಸ್ಪಾಂಜ್ ಫಿಲ್ಟರ್. ಹೊರಗಿನ ಪುಟ್ಟ ಪಂಪಿನಿಂದ ಕೊಳವೆಯಲ್ಲಿ ಗಾಳಿ ಬರುತ್ತದೆ, ಗುಳ್ಳೆ ಮೇಲೇಳುತ್ತದೆ, ಅದರ ಹಿಂದೆ ನೀರು ಸ್ಪಾಂಜಿನೊಳಗಿಂದ ನಿಧಾನವಾಗಿ ಹಾದುಹೋಗುತ್ತದೆ. ಅಷ್ಟೇ ಅದರ ಯಂತ್ರವಿದ್ಯೆ. ಮಗಳು ಬ್ಯಾಗು ಹೆಗಲಿಗೇರಿಸಿಕೊಂಡೇ ಪಾಠ ಹೇಳಿದಳು.

"ಗುಳ್ಳೆ ಕಮ್ಮಿಯಾದ್ರೆ ಸ್ಪಾಂಜ್ ತೆಗೆದು, ಟ್ಯಾಂಕ್ ನೀರನ್ನೇ ಮಗ್‌ನಲ್ಲಿ ತಗೊಂಡು ಅದರಲ್ಲಿ ಹಿಂಡಿ."

"ಬರೀ ಹಿಂಡಿದ್ರೆ ಸಾಕಾ?" ಅಂತ ನನ್ನ ಹೆಂಡತಿ.

"ಸಾಕು. ಗ್ಲೌಸ್ ಹಾಕ್ಕೊಳ್ಳಿ. ನಿಮ್ಮ ಕೈ ಸ್ಪಿರಿಟ್ ವಾಸನೆ ಬರುತ್ತೆ, ಅವಕ್ಕಾಗಲ್ಲ."

ಹೆಂಡತಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ನನ್ನ ಕಾಲು ನೆಲ ಒತ್ತಿತು.

ಆ ವಾಸನೆಯ ಬಗ್ಗೆ ಹೇಳಬೇಕು. ನನ್ನ ಹೆಂಡತಿ ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ಆಪರೇಷನ್ ಕತ್ತರಿ ಚಿಮಟ ಬಟ್ಟೆಗಳನ್ನೆಲ್ಲ ಸ್ಟೆರಿಲೈಸ್ ಮಾಡುವ ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಅವಳ ಉದ್ಯೋಗವೇ ಕ್ರಿಮಿ ಕೊಲ್ಲುವುದು. ತೊಳೆಯುವುದು, ಉಜ್ಜುವುದು, ಸುತ್ತಿ ಕಟ್ಟುವುದು, ಆಮೇಲೆ ಆಳೆತ್ತರದ ಹಬೆಯ ಯಂತ್ರದೊಳಗೆ ತಳ್ಳಿ ಬಾಗಿಲು ಬಿಗಿಯುವುದು. ಅವಳು ತೊಳೆದ ಲೋಟದಲ್ಲಿ ನೀರು ಕುಡಿಯಲು ನನಗೇ ಒಮ್ಮೊಮ್ಮೆ ಸಂಕೋಚವಾಗುತ್ತದೆ.

ಮಗಳು ಹೋದ ವಾರದಲ್ಲೇ ಗುಳ್ಳೆ ಕಡಿಮೆಯಾಯಿತು. ಹೆಂಡತಿ ಸ್ಪಾಂಜನ್ನು ಹೊರಗೆ ತೆಗೆದು ನೋಡಿದಳು. ಕಡುಗಂದು, ಲೋಳೆ ಲೋಳೆ, ಕೆರೆಯ ತಳದ ವಾಸನೆ. ಇದನ್ನು ಬರೀ ಹಿಂಡಿ ವಾಪಸ್ ಇಡುವುದೇ? ಹುಡುಗಿ ಅವಸರದಲ್ಲಿ ಹಾಗೆ ಹೇಳಿರಬೇಕು, ಅಥವಾ ತನಗೆ ಹೆಚ್ಚು ಕೆಲಸ ಕೊಡಬಾರದು ಅಂತ ಮುಲಾಜಿಗೆ ಹೇಳಿರಬೇಕು ಅಂದುಕೊಂಡಳು. ಪಾಪ, ಅವಳಿಗೆ ಬರುವ ವಿದ್ಯೆಯನ್ನೆಲ್ಲ ಮಗಳಿಗಾಗಿ ಧಾರೆ ಎರೆದಳು. ಎರಡೂ ಟ್ಯಾಂಕಿನ ಸ್ಪಾಂಜುಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಪ್ರೆಷರ್ ಕುಕ್ಕರಿಗೆ ಹಾಕಿ ವಿಷಲ್ ಹಾಕಿಸಿದಳು. ಇಡೀ ಪ್ರಪಂಚದಲ್ಲಿ ಫಿಲ್ಟರನ್ನು ಕುಕ್ಕರಿನಲ್ಲಿ ಬೇಯಿಸಿದವಳು ನನ್ನ ಹೆಂಡತಿ ಒಬ್ಬಳೇ ಇರಬೇಕು.

"ರೀ, ನೋಡಿ ಬನ್ನಿ" ಅಂತ ಕರೆದಳು. ಹೋಗಿ ನೋಡಿದರೆ ಎರಡೂ ಸ್ಪಾಂಜು ಆಕಾಶನೀಲಿ. ಅವಕ್ಕೆ ಅಂಥದೊಂದು ಬಣ್ಣ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

"ಹೊಸದರ ಹಾಗಿದೆ. ಮಗಳು ಬಂದ್ರೆ ಖುಷಿಪಡ್ತಾಳೆ" ಅಂದೆ. ನನ್ನ ಬುದ್ಧಿಯೂ ಅಷ್ಟಕ್ಕಷ್ಟೇ.

ಮೂರನೆಯ ದಿನ ಚಿಕ್ಕ ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ದೊಡ್ಡ ಟ್ಯಾಂಕಿನಲ್ಲಿ ನೀರು ಹೆಚ್ಚಿದ್ದುದರಿಂದ ದೊಡ್ಡವು ಹೇಗೋ ತಡೆದುಕೊಂಡವು. ಮರಿಗಳು ಹಾಕಿದ ಆಹಾರ ಮುಟ್ಟಲಿಲ್ಲ. ತಳದಲ್ಲಿ ನಿಲ್ಲುತ್ತಿದ್ದಂಥವು ಮೇಲೆ ಬಂದು ಮೂತಿ ಎತ್ತತೊಡಗಿದವು. ಕೆಲವು ಒಂದು ಬದಿಗೆ ವಾಲಿ ಬಿದ್ದಿದ್ದವು. ಹೆಂಡತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಷ್ಟು ಚೊಕ್ಕ ಮಾಡಿದ ಮೇಲೆ ನೀರು ಕೆಡುವುದು ಹೇಗೆ? ಇಬ್ಬರಿಗೂ ತಲೆಬುಡ ಗೊತ್ತಾಗಲಿಲ್ಲ. ಮಗಳನ್ನು ಕೇಳೋಣವೆಂದರೆ ಶಿಬಿರದಲ್ಲಿ ಮಕ್ಕಳ ಫೋನನ್ನೆಲ್ಲ ಕೋಚ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಅಕ್ವೇರಿಯಂ ಅಂಗಡಿಗೆ ಓಡಿದೆವು. ಅಂಗಡಿಯವನು ಮೀನಿನ ಮಧ್ಯೆ ಕೂತಿದ್ದ.

"ಸ್ಪಾಂಜಾ? ಅದೆಲ್ಲ ಮಕ್ಕಳಾಟ ಸಾರ್. ಕ್ಯಾನಿಸ್ಟರ್ ಹಾಕಿ. ನೀರು ಕನ್ನಡಿ ಆಗುತ್ತೆ."

ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಹೊರಗೆ ಕೂರುವ ದೊಡ್ಡ ಡಬ್ಬಿ. ಒಂದು ಪೈಪಿನಲ್ಲಿ ನೀರೆಳೆದು, ಒಳಗೆ ಸೋಸಿ, ಇನ್ನೊಂದು ಪೈಪಿನಲ್ಲಿ ವಾಪಸ್ ಚೆಲ್ಲುತ್ತದೆ. ಮೋಟಾರು ವಿಷಯ ಬಂದರೆ ನಾನು ಹಿಂದೆ ಬೀಳುವವನಲ್ಲ. ತಂದು ಜೋಡಿಸಿ ಸ್ವಿಚ್ ಒತ್ತಿದೆ. ನೀರು ಗಿರ್ರೆಂದು ತಿರುಗಿತು. ಮರಿಗಳೂ ತಿರುಗಿದವು. ಪಾಪದವು, ನಿಂತ ನೀರಿನ ಪ್ರಾಣಿಗಳು. ಹೆದ್ದಾರಿಗೆ ಬಿಟ್ಟ ಹೊಸ ಡ್ರೈವರುಗಳಂತೆ ಯಾವ ಕಡೆ ಹೋಗುವುದೋ ತಿಳಿಯದೆ ಸುತ್ತಿ ಸುತ್ತಿ, ಒಂದು ಮರಿ ನೀರೆಳೆಯುವ ಪೈಪಿನ ಬಾಯಿಗೆ ಹೋಗಿ ಅಂಟಿಕೊಂಡಿತು.

"ನಿಲ್ಸಿ, ನಿಲ್ಸಿ ರೀ" ಅಂತ ಹೆಂಡತಿ. ನಾನು ಸ್ವಿಚ್ ಬಿಟ್ಟು ಬಲಗಾಲಿನಿಂದ ನೆಲ ಒತ್ತುತ್ತ ನಿಂತಿದ್ದೆ. ಅವಳೇ ವೈರ್ ಕಿತ್ತಳು.

ಬಿಡಿಸಿಕೊಂಡ ಮರಿ ಬದುಕಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುವ ತೆಳ್ಳನೆಯ ಗಾಜ್ ಬಟ್ಟೆಯನ್ನು ಪೈಪಿನ ಬಾಯಿಗೆ ಕಟ್ಟಿದಳು. ಸೆಳೆತ ಕಡಿಮೆಯಾಯಿತು, ಆದರೆ ನೀರಿನ ಹೊಡೆತ ಹಾಗೇ ಇತ್ತು, ನೀರಿನ ಬಿಳುಪೂ ಹಾಗೇ ಇತ್ತು. ಫೋನಿನಲ್ಲಿ ವಿಡಿಯೋ ಹುಡುಕಿದೆ. ಒಬ್ಬ ಗಡ್ಡದವನು, ನ್ಯೂಟ್ ಮರಿಗಳಿಗೆ ಯಾವ ಫಿಲ್ಟರೂ ಬೇಡ, ಗಿಡ ತುಂಬಿ, ದಿನಾ ಸ್ವಲ್ಪ ನೀರು ಬದಲಾಯಿಸಿ ಅಂದ. ಇನ್ನೊಬ್ಬಳು, ಫಿಲ್ಟರ್ ಇಲ್ಲದೆ ಮರಿ ಮಾಡಿಸುವವರು ಕೊಲೆಗಡುಕರು ಅಂದಳು. ಮತ್ತೊಬ್ಬ, ತಳಕ್ಕೆ ಜಲ್ಲಿ ಹಾಕಿ ಅದರ ಕೆಳಗೆ ಫಿಲ್ಟರ್ ಇಡಿ ಅಂದ. ಅವನ ವಿಡಿಯೋದ ಕೆಳಗೆ ಜನ ಅವನಿಗೆ ಛೀಮಾರಿ ಹಾಕಿದ್ದರು. ಎಲ್ಲರ ಹಿಂದೆಯೂ ಆರೋಗ್ಯವಾಗಿರುವ ನ್ಯೂಟ್‌ಗಳು ಈಜುತ್ತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ರಸ್ತೆಯಲ್ಲಾದರೆ ಎಡಗಡೆ ಹೋಗು ಬಲಗಡೆ ಹೋಗು ಅಂತ ಒಂದು ಬೋರ್ಡಾದರೂ ಇರುತ್ತದೆ.

"ಫಿಲ್ಟರ್ ಬಿಡೋದಾ, ತೆಗೆಯೋದಾ, ಒಂದು ಹೇಳಿ" ಅಂದಳು ಹೆಂಡತಿ.

"ನನ್ನನ್ನ್ಯಾಕೆ ಕೇಳ್ತೀಯ? ನಿನ್ನ ಕೈಗೆ ತಾನೇ ಕೊಟ್ಟು ಹೋಗಿದ್ದು?" ಅಂದುಬಿಟ್ಟೆ.

ಅವಳು ಹೋಗಿ ಪೈಪಿನ ಬಾಯಿಯ ಬಟ್ಟೆಯನ್ನು ಇನ್ನೊಮ್ಮೆ ಬಿಗಿದು ಕಟ್ಟಿದಳು. ಅವಳು ಕಾಯುತ್ತಿದ್ದುದು ಬರೀ ಮರಿಗಳನ್ನಲ್ಲ ಅನ್ನುವುದು ನನಗೂ ಗೊತ್ತಿತ್ತು. ಮಗಳು ವಾಪಸ್ ಬರುವ ಹೊತ್ತಿಗೆ ಟ್ಯಾಂಕ್ ಖಾಲಿಯಾಗಿದ್ದರೆ ಆ ಹುಡುಗಿ ಕೂಗಾಡುವುದಿಲ್ಲ. 'ಪರವಾಗಿಲ್ಲ' ಅಂತ ಮರ್ಯಾದೆಯಿಂದ ಹೇಳುತ್ತಾಳೆ. ಆಮೇಲೆ ಈ ಮನೆಯಲ್ಲಿ ನನ್ನ ಹೆಂಡತಿಗೆ ಇನ್ನೇನನ್ನೂ ಕೊಡುವುದಿಲ್ಲ.

ಮತ್ತೆ ಅಂಗಡಿಗೆ ಹೋದರೆ ಅಂಗಡಿಯವನಿಗೆ ಬೇಸರವಾಯಿತು. "ನಿಮ್ಮ ಮಗಳು ಹುಳ ತಗೊಳ್ಳೋಕೆ ಬರ್ತಾಳೆ ಅಷ್ಟೇ, ಫಿಲ್ಟರ್ ವಿಷಯಕ್ಕೆ ನನ್ನನ್ನ ಒಂದಿನಾನೂ ಕೇಳಿಲ್ಲ. ಅದಕ್ಕೆಲ್ಲ ಗಡಿಯಾರ ರಿಪೇರಿಯವರ ಹತ್ರ ಹೋಗ್ತಾಳೆ. ಅವರನ್ನೇ ಕೇಳಿ" ಅಂದ. ನನ್ನ ಮಗಳು ಗಡಿಯಾರದ ಅಂಗಡಿಗೆ ಹೋಗುತ್ತಾಳೆ ಅನ್ನುವುದು ನನಗೆ ಹೊಸ ಸುದ್ದಿ. ಅವಳ ಕೈಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿದೆ.

ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡ ಇಕ್ಕಟ್ಟಿನ ಜಾಗ. ಗಡಿಯಾರದವರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿದ್ದರು. ಅವರ ಬೆನ್ನ ಹಿಂದೆ ಬಿಡಿ ಮುಳ್ಳು, ಚಕ್ರಗಳ ಡಬ್ಬಿಗಳ ನಡುವೆ ಒಂದು ಟ್ಯಾಂಕ್. ಗಾಜಿನ ಮೇಲೆ ಪಾಚಿ, ತಳದಲ್ಲಿ ಕೊಳೆತ ಎಲೆ, ಮೂಲೆಯಲ್ಲಿ ಮಣ್ಣಿನ ಹೆಂಟೆಯಂಥ ಎರಡು ಸ್ಪಾಂಜು. ನಮ್ಮ ಮನೆಯಲ್ಲಾಗಿದ್ದರೆ ಇಡೀ ಟ್ಯಾಂಕೇ ಕುಕ್ಕರಿಗೆ ಹೋಗುತ್ತಿತ್ತು. ಅಂಥ ಗಲೀಜಿನೊಳಗೆ ನ್ಯೂಟ್‌ಗಳು ಮೈತುಂಬಿಕೊಂಡು ಓಡಾಡುತ್ತಿದ್ದವು.

ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಕುಕ್ಕರ್ ಅಂದಾಗ ಅವರು ಕಣ್ಣಿನ ಮಸೂರ ತೆಗೆದು ಕೆಳಗಿಟ್ಟರು.

"ಎಲ್ಲಾ ಸತ್ತೋಯ್ತಲ್ಲಮ್ಮ."

"ಮರಿ ಇನ್ನೂ ಇವೆ. ಮೂರು ಸತ್ತಿವೆ ಅಷ್ಟೇ."

"ಮರಿ ಅಲ್ಲ. ಸ್ಪಾಂಜಿನಲ್ಲಿದ್ದವು. ಅದರಲ್ಲಿ ಕಣ್ಣಿಗೆ ಕಾಣದ ಜೀವ ಕೋಟಿಗಟ್ಲೆ ಇರ್ತವೆ. ನ್ಯೂಟ್ ಮಾಡೋ ಹೊಲಸನ್ನ ತಿಂದು ಅರಗಿಸೋದು ಅವೇ. ನೀವು ಕೊಳೆ ಅಂದ್ಕೊಂಡಿರಲ್ಲ, ಅದೇ ಫಿಲ್ಟರ್. ಸ್ಪಾಂಜ್ ಬರೀ ಅವುಗಳ ಮನೆ. ಈಗ ಮನೆ ಇದೆ, ಒಳಗೆ ಯಾರೂ ಇಲ್ಲ. ಡಬ್ಬಿ ಫಿಲ್ಟರ್ ತಂದ್ರೂ ಅಷ್ಟೇ, ಅದೂ ಖಾಲಿ ಮನೇನೇ."

ಹೆಂಡತಿ ಬೆಪ್ಪಾಗಿ ಕೂತಳು. "ಆಸ್ಪತ್ರೇಲಿ ಕ್ರಿಮಿ ಕೊಲ್ಲೋದೇ ನನ್ನ ಕೆಲಸ. ಕ್ರಿಮಿ ಇದ್ರೆ ಒಳ್ಳೇದಾ?" ಅಂತ ಕೇಳಿದಳು. ಆ ಪ್ರಶ್ನೆ ಕೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

"ಅಲ್ಲಿ ಕೆಟ್ಟದ್ದು, ಇಲ್ಲಿ ಒಳ್ಳೇದು" ಅಂದರು ಗಡಿಯಾರದವರು. ಆಮೇಲೆ ಏನೋ ನೆನಪಾದವರಂತೆ, "ಮಗು ನಿಮಗೆ ಹೇಳಿಲ್ವಾ? ಅದು ಅವಳ ಅಮ್ಮ ಬೆಳೆಸಿದ್ದು. ಸ್ಪಾಂಜ್ ಹರಿದುಹೋದ್ರೂ ಹಳೇದರ ಕೊಳೆನ ಹೊಸದಕ್ಕೆ ಹಿಂಡ್ಕೊಂಡು, ಹಿಂಡ್ಕೊಂಡು ಅದನ್ನೇ ಉಳಿಸ್ಕೊಂಡು ಬಂದಿದ್ಲು ಹುಡುಗಿ" ಅಂದರು.

ನಾನು ಹೆಂಡತಿಯ ಮುಖ ನೋಡಲಾರದೆ ಗೋಡೆಯ ಗಡಿಯಾರಗಳನ್ನು ನೋಡಿದೆ. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಸತ್ತವಳದು ಅಂತ ಮನೆಯಲ್ಲಿ ಫೋಟೋ ಇದೆ, ಬಟ್ಟೆ ಇದೆ. ಅವಳದು ಅಂತ ಜೀವಂತವಾಗಿ ಉಳಿದದ್ದೊಂದು ಆ ಕೊಳೆಯಲ್ಲಿತ್ತು, ಅದನ್ನು ನಾವು ವಿಷಲ್ ಹಾಕಿಸಿ ಬೇಯಿಸಿದ್ದೆವು. ಇದಕ್ಕೆ ಯಾರನ್ನು ಬೈಯುವುದು, ಯಾರ ಹತ್ತಿರ ಅಳುವುದು, ನನಗೆ ತೋಚಲಿಲ್ಲ.

"ನಾನು ಅವಳಿಗೆ ಹೇಗೆ ಮುಖ ತೋರಿಸ್ಲಿ" ಅಂದಳು ಹೆಂಡತಿ, ನನಗಲ್ಲ, ಟ್ಯಾಂಕಿಗೆ.

ಗಡಿಯಾರದವರು ಎದ್ದು ತಮ್ಮ ಟ್ಯಾಂಕಿನಿಂದ ಒಂದು ಸ್ಪಾಂಜನ್ನು ಎತ್ತಿ ಪಾತ್ರೆಗೆ ಹಾಕಿದರು. ಇನ್ನೊಂದನ್ನು ಅಗಲ ಬಾಯಿಯ ಬಾಟಲಿಯೊಳಗೆ ಹಿಂಡಿದರು. ನೀರು ಕಾಫಿ ಬಣ್ಣಕ್ಕೆ ತಿರುಗಿತು. "ತಗೊಳ್ಳಿ. ಇದೂ ಮಗುವಿನ ಅಮ್ಮಂದೇ. ನಾನು ನ್ಯೂಟ್ ಶುರು ಮಾಡಿದಾಗ ಅವರೇ ಹೀಗೆ ಬಾಟಲಿಯಲ್ಲಿ ತಂದುಕೊಟ್ಟಿದ್ರು. ಸ್ಪಾಂಜ್ ಮರಿಗಳ ಟ್ಯಾಂಕಿಗಿಡಿ, ಬಾಟಲಿ ನೀರು ನಿಮ್ಮ ನೀಲಿ ಸ್ಪಾಂಜಿನ ಮೇಲೆ ಹುಯ್ಯಿರಿ. ನಲ್ಲಿ ನೀರು ನೇರ ಹಾಕ್ಬೇಡಿ, ಅದರಲ್ಲೂ ಕ್ರಿಮಿ ಕೊಲ್ಲೋ ಔಷಧಿ ಇರುತ್ತೆ. ಬಾಟಲಿಗೆ ಮುಚ್ಚಳ ಹಾಕ್ಬೇಡಿ. ಅವಕ್ಕೂ ಉಸಿರಾಡ್ಬೇಕು."

ಕಲಿಯುವವರ ಬೋರ್ಡು ಹೊತ್ತ ಕಾರಿನಲ್ಲಿ ಹೆಂಡತಿ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡು ಕೂತಳು, ಪಾತ್ರೆಯನ್ನು ಪಾದಗಳ ನಡುವೆ. ಕೈಗೆ ಗ್ಲೌಸ್ ಇರಲಿಲ್ಲ, ನೆನಪೂ ಇರಲಿಲ್ಲ. ಜೀವಮಾನವೆಲ್ಲ ಕ್ರಿಮಿ ಕೊಂದವಳು ಈಗ ಕ್ರಿಮಿಗಳಿಗೆ ಗಾಳಿ ಬರಲಿ ಅಂತ ಕಾರಿನ ಕಿಟಕಿ ಇಳಿಸಿದಳು.

"ಸ್ವಲ್ಪ ನಿಧಾನಕ್ಕೆ ಓಡ್ಸಿ" ಅಂದಳು. ನನ್ನ ಜನ್ಮದಲ್ಲಿ ನನಗೆ ಹಾಗೆ ಹೇಳಿದವರಿಲ್ಲ. ನಿಧಾನಕ್ಕೇ ಓಡಿಸಿದೆ.

ಕ್ಯಾನಿಸ್ಟರನ್ನು ಕಿತ್ತೆವು. ಗಡಿಯಾರದವರು ಕೊಟ್ಟ ಆ ದರಿದ್ರ ಸ್ಪಾಂಜನ್ನು ಮೂಲೆಯಲ್ಲಿಟ್ಟು ಗುಳ್ಳೆ ಬಿಟ್ಟೆವು, ಬಾಟಲಿ ನೀರನ್ನು ನೀಲಿ ಸ್ಪಾಂಜುಗಳ ಮೇಲೆ ಹುಯ್ದೆವು. ಹೆಂಡತಿ ಬಕೆಟ್ಟುಗಳಲ್ಲಿ ನೀರು ಹಿಡಿದು, ಅದರ ಔಷಧಿ ಹಾರಿಹೋಗಲು ಬಿಟ್ಟು, ದಿನಾ ಅಷ್ಟಷ್ಟೇ ಬದಲಾಯಿಸಿದಳು. ಇನ್ನೂ ಕೆಲವು ಮರಿ ಸತ್ತವು. ಅವನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ಹೂವಿನ ಕುಂಡದಲ್ಲಿ ಹೂತಳು. ಆಮೇಲೊಂದು ದಿನ ಬೆಳಿಗ್ಗೆ ನೋಡಿದರೆ ನೀರಿನಾಚೆಗೆ ಗೋಡೆಯ ಬಿರುಕು ಕಾಣುತ್ತಿತ್ತು, ಮರಿಗಳು ತಳಕ್ಕಿಳಿದು ಹುಳಕ್ಕೆ ಬಾಯಿ ಹಾಕುತ್ತಿದ್ದವು. ಸುಮಾರು ಅರ್ಧದಷ್ಟು ಉಳಿದಿದ್ದವು. ನೀಲಿ ಸ್ಪಾಂಜುಗಳೂ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿದವು.

ಅದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. "ಹೇಳೋದೇ ಬೇಡ ಕಣೇ. ಕೊಳೆ ಬಂದಿದೆ. ಮರಿ ಕೆಲವು ಉಳಿಯಲ್ಲ ಅಂತ ಅವಳಿಗೂ ಗೊತ್ತಿರುತ್ತೆ."

"ಆಸ್ಪತ್ರೇಲಿ ತಪ್ಪಾದ್ರೆ ಹೇಳ್ಲೇಬೇಕು. ಹೇಳ್ದಿದ್ರೆ ಯಾರೋ ಸಾಯ್ತಾರೆ."

"ಇಲ್ಲಿ ಸಾಯೋರು ಆಗ್ಲೇ ಸತ್ತಾಯ್ತಲ್ಲ."

ಅವಳು ಬಕೆಟ್ಟು ಎತ್ತಿಕೊಂಡು ನನ್ನನ್ನು ದಾಟಿ ಹೋದಳು. ಆದರೂ ನನಗೆ ಅರ್ಥವಾಗಲಿಲ್ಲ. ಸುಳ್ಳಿನಿಂದ ಮನೆ ಉಳಿಯುವುದಾದರೆ ಸುಳ್ಳು ಒಳ್ಳೆಯದೋ ಕೆಟ್ಟದ್ದೋ? ಅಲ್ಲಿ ಕೆಟ್ಟದ್ದು, ಇಲ್ಲಿ ಒಳ್ಳೆಯದು ಅನ್ನುವ ಮಾತು ಇದಕ್ಕೂ ಅನ್ವಯಿಸುತ್ತದೋ? ಕೇಳೋಣವೆಂದರೆ ಯಾರನ್ನು ಕೇಳುವುದು.

ಮಗಳು ಬಿಸಿಲಿಗೆ ಕಪ್ಪಾಗಿ ಬಂದಳು. ಬ್ಯಾಗು ಬಾಗಿಲಲ್ಲೇ ಬಿಟ್ಟು ಸೀದಾ ಹಿಂದಿನ ಕೋಣೆಗೆ ಹೋದಳು. ಹೆಂಡತಿ ಹಿಂದೆಯೇ ಹೋಗಿ ಚೌಕಟ್ಟಿನಲ್ಲಿ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕುಕ್ಕರು, ಡಬ್ಬಿ ಫಿಲ್ಟರು, ಸತ್ತ ಮರಿಗಳು, ಗಡಿಯಾರದವರು. ಕೊನೆಯಲ್ಲಿ, "ಅದು ನಿಮ್ಮಮ್ಮಂದು ಅಂತ ಗೊತ್ತಿರ್ಲಿಲ್ಲ. ನಾನು ಚೆನ್ನಾಗಿರ್ಲಿ ಅಂತ ಮಾಡಿದೆ" ಅಂದಳು.

ಮಗಳು ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವಳು ತಿರುಗಲಿಲ್ಲ. ನಾನು ಗೋಡೆಗೆ ಆತು ನಿಂತು ನೆಲವನ್ನು ಎಷ್ಟು ಬಲವಾಗಿ ಒತ್ತುತ್ತಿದ್ದೆನೆಂದರೆ ಮೊಣಕಾಲು ನೋಯಿತು. 'ಪರವಾಗಿಲ್ಲ' ಅನ್ನುತ್ತಾಳೆ ಅಂತ ಕಾದೆ.

"ಕುಕ್ಕರ್‌ನಲ್ಲಾ?" ಅಂದಳು ಕೊನೆಗೆ.

"ಹೂಂ."

"ಅಮ್ಮ ಬಿಸಿನೀರಲ್ಲಿ ಸೋಪ್ ಹಾಕಿದ್ಲು."

ನಾನೂ ಹೆಂಡತಿಯೂ ಒಟ್ಟಿಗೆ ತಬ್ಬಿಬ್ಬಾದೆವು.

"ನಾನು ಚಿಕ್ಕೋಳಿದ್ದಾಗ. ಗಲೀಜು ಅಂತ ಉಜ್ಜಿ ಉಜ್ಜಿ ತೊಳೆದಿದ್ಲು. ಒಂದು ಮರೀನೂ ಉಳೀಲಿಲ್ಲ. ಇಲ್ಲೇ ಕೂತು ಅತ್ತಿದ್ಲು. ಆಮೇಲೆ ನಾವಿಬ್ರೂ ಗಡಿಯಾರದ ಅಂಕಲ್ ಹತ್ರ ಹೋಗಿ ಬಾಟಲಿಯಲ್ಲಿ ತಂದ್ವಿ."

"ಅವರು ನಿಮ್ಮಮ್ಮ ಅವರಿಗೆ ಕೊಟ್ಟಿದ್ದು ಅಂದ್ರಲ್ಲ?" ಅಂದೆ.

"ಗೊತ್ತಿಲ್ಲಪ್ಪ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಒಂದು ಕಡೆ ಸತ್ತಾಗ ಇನ್ನೊಂದು ಕಡೆಯಿಂದ ತರೋದು."

ಹಾಗಾದರೆ ಅದು ಯಾರದು? ತೀರಿಕೊಂಡವಳದೋ, ಗಡಿಯಾರದವರದೋ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಬೇರೆ. ಅವಳು ಇಲ್ಲೇ ಕೂತು ಅತ್ತಾಗ ನಾನು ಇದೇ ಮನೆಯಲ್ಲಿದ್ದೆ. ಆ ಕೋಣೆಗೆ ನಾನು ಹೋಗುತ್ತಿದ್ದುದು ಬಲ್ಬು ಬದಲಾಯಿಸಲು ಮಾತ್ರ. ಅಷ್ಟು ವರ್ಷ ಜೊತೆಗಿದ್ದವಳ ಅಳು ನನಗೆ ಈಗ, ಹೀಗೆ, ಮಗಳ ಬಾಯಿಂದ ಗೊತ್ತಾಗಬೇಕಾಯಿತು. ದುಃಖವಾಯಿತು.

ಮಗಳು ಎದ್ದು ದೊಡ್ಡ ಟ್ಯಾಂಕಿನ ಗುಳ್ಳೆ ನೋಡಿದಳು. ಅದು ತೀರಾ ಮೆತ್ತಗೆ ಬರುತ್ತಿತ್ತು. ಮಗ್ ತೆಗೆದುಕೊಂಡು ಟ್ಯಾಂಕಿನ ನೀರು ತುಂಬಿಸಿದಳು.

"ಕೈ ತೊಳ್ಕೊಂಡು ಬನ್ನಿ" ಅಂದಳು ನನ್ನ ಹೆಂಡತಿಗೆ. "ಬರೀ ನೀರಲ್ಲಿ. ಸೋಪ್ ಬೇಡ."

"ಗ್ಲೌಸು?"

"ಬೇಡ."

ಹೆಂಡತಿ ಹೋಗಿ ಎಷ್ಟೋ ಹೊತ್ತು ತೊಳೆದುಕೊಂಡು ಬಂದಳು. ಆಪರೇಷನ್ ಕೋಣೆಗೆ ಬರುವವರ ಹಾಗೆ ಎರಡೂ ಕೈ ಮೇಲೆತ್ತಿ, ಬಾಗಿಲಿಗೂ ತಾಗದಂತೆ, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ. ಮಗಳು ಆ ಕೈಗಳನ್ನು ಹತ್ತಿರಕ್ಕೆಳೆದು ಮೂಸಿ ನೋಡಿದಳು. ಆಮೇಲೆ ಸ್ಪಾಂಜನ್ನು ಅವುಗಳ ಮೇಲಿಟ್ಟಳು.

"ಹಿಂಡಿ."

ಹೆಂಡತಿ ಹಿಂಡಿದಳು. ಮಗ್‌ನ ನೀರು ಕಂದಾಯಿತು. ಇನ್ನೊಮ್ಮೆ ಹಿಂಡಲು ಹೋದಾಗ ಮಗಳು ಅವಳ ಕೈ ಮೇಲೆ ಕೈಯಿಟ್ಟು ತಡೆದಳು.

"ಸಾಕು. ಉಳಿದದ್ದು ಇರ್ಲಿ."

ಇಬ್ಬರೂ ಹಾಗೇ ಬಗ್ಗಿ, ಸ್ಪಾಂಜನ್ನು ಮೂಲೆಗೆ ಕೂರಿಸಿ, ಗುಳ್ಳೆ ಬರುವುದನ್ನೇ ನೋಡುತ್ತಿದ್ದರು. ನಾನು ನೆಲದಿಂದ ಕಾಲು ತೆಗೆದೆ.